ಇಸಿ ಅಂಕಿ ಒಂದೇ, ನೀರು ಬೇರೆ ಬೇರೆ: ಬ್ರಹ್ಮಗಿರಿ ಸೀಮೆಯ ಕೊಳವೆಬಾವಿ ನೀರನ್ನು ಓದುವ ಬಗೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹೊಸ ಕೊಳವೆಬಾವಿ ಕೊರೆಸಿದವರನ್ನು ಮೊದಲು ಕೇಳುವುದು ಎಷ್ಟು ಇಂಚು ನೀರು ಬಿತ್ತು ಎಂದು. ಎರಡನೆಯ ಪ್ರಶ್ನೆ, ಮೀಟರು ಎಷ್ಟು ತೋರಿಸಿತು ಎಂಬುದು. ನೀರಿನ ವಿದ್ಯುತ್ ವಾಹಕತೆ (ಇಸಿ) ಅಳೆಯುವ ಪೆನ್ನಿನ ಗಾತ್ರದ ಮೀಟರು, ಕರಗಿದ ಒಟ್ಟು ಲವಣ (ಟಿಡಿಎಸ್) ತೋರಿಸುವ ಮೀಟರು ಈಗ ಗೊಬ್ಬರದಂಗಡಿಯಲ್ಲೂ ಸಿಗುತ್ತವೆ. ಅಂಕಿ ಕಡಿಮೆ ಬಂದರೆ ಸಿಹಿನೀರು, ಹೆಚ್ಚು ಬಂದರೆ ಸವುಳು ನೀರು ಎಂದು ಅಲ್ಲೇ ತೀರ್ಮಾನವಾಗಿಬಿಡುತ್ತದೆ. ಕ್ಷಾರ ಗುಣದ ನೀರಿನಲ್ಲಿ ಈ ತೀರ್ಮಾನ ಎಷ್ಟೋ ಸಲ ತಲೆಕೆಳಗಾಗುತ್ತದೆ. ಅಂಕಿ ಇಳಿದಾಗ ನೀರು ಕೆಟ್ಟಿರಬಹುದು, ಅಂಕಿ ಏರಿದಾಗ ಅದೇ ನೀರು ಹೊಲಕ್ಕೆ ಒಳ್ಳೆಯದಾಗಿರಬಹುದು. ನೀರಿನಲ್ಲಿ ಕರಗಿರುವ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂಬ ಲೋಹದ ಅಯಾನುಗಳು ವಿದ್ಯುತ್ ವಾಹಕತೆಯನ್ನು ಹೇಗೆ ಬದಲಿಸುತ್ತವೆ ಎಂದು ತಿಳಿದರೆ, ಮೀಟರು ಹೇಳುವುದನ್ನೂ ಹೇಳದೆ ಬಿಡುವುದನ್ನೂ ನಾವೇ ಓದಿಕೊಳ್ಳಬಹುದು.

ನಮ್ಮ ನೀರು ಕ್ಷಾರವಾಗುವುದು ಹೇಗೆ

ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದರು. ಅಶೋಕನಿಗೂ ಮುಂಚಿನಿಂದ ಜನ ಇಲ್ಲಿ ಬಾಳಿದ್ದಾರೆ ಎಂದು ಅದರಿಂದ ತಿಳಿಯಿತು. ಆ ಕಾಲದವರು ಕುಡಿದದ್ದು ಚಿನ್ನಹಗರಿಯಂಥ ಹಳ್ಳದ ನೀರು, ಮಳೆಯ ನೀರು. ನಾವು ಇಂದು ಎತ್ತುತ್ತಿರುವುದು ನೂರಾರು ಅಡಿ ಆಳದ ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು. ಈ ಎರಡು ನೀರಿನ ಗುಣ ಒಂದೇ ಆಗಿರಲು ಸಾಧ್ಯವಿಲ್ಲ.

ಈ ಸೀಮೆಯ ಕಲ್ಲು ಹೆಚ್ಚಾಗಿ ಗ್ರಾನೈಟ್ ಮತ್ತು ನೈಸ್. ಮಣ್ಣಿನಲ್ಲಿ ಇಂಗುವ ಮಳೆನೀರು ಬೇರುಗಳು ಬಿಡುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕೆಳಗಿಳಿಯುತ್ತದೆ. ಕಲ್ಲಿನಲ್ಲಿರುವ ಫೆಲ್ಡ್‌ಸ್ಪಾರ್ ಖನಿಜವನ್ನು ಅದು ನಿಧಾನವಾಗಿ ಕರಗಿಸಿದಾಗ ಸೋಡಿಯಂ, ಕ್ಯಾಲ್ಸಿಯಂ ಬಿಡುಗಡೆಯಾಗುತ್ತವೆ, ಜೊತೆಗೆ ಬೈಕಾರ್ಬೊನೇಟ್ ಹುಟ್ಟುತ್ತದೆ. ನೀರು ಕ್ಷಾರವಾಗುವುದು ಈ ಬೈಕಾರ್ಬೊನೇಟಿನಿಂದ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳ ಸಾಲಿಗೆ ಇವು ಸೇರುತ್ತವೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಹಾಗೆ ಗಾಢವಾಗುವಾಗ ಕ್ಯಾಲ್ಸಿಯಂ ಮೊದಲು ಕಾರ್ಬೊನೇಟಿನೊಡನೆ ಸೇರಿ ಸುಣ್ಣದ ಹರಳಾಗಿ ಮಣ್ಣಿನಲ್ಲಿ ಕೂರುತ್ತದೆ. ಸೋಡಿಯಂ ಹಾಗೆ ಕೂರುವುದಿಲ್ಲ, ನೀರಿನಲ್ಲೇ ಉಳಿಯುತ್ತದೆ. ಅಗಸರು ಬಟ್ಟೆ ಒಗೆಯಲು ತರುತ್ತಿದ್ದ ಸವುಳು ಮಣ್ಣು ಇದರ ಕೊನೆಯ ಹಂತ. ಇದೇ ಜಿಲ್ಲೆಯ ಮತ್ತೋಡು ಒಂದು ಕಾಲದಲ್ಲಿ ಗಾಜಿನ ಬಳೆಗೆ ಹೆಸರಾಗಿತ್ತು. ಆ ಗಾಜಿಗೆ ಬೇಕಾದ ಸೋಡಾ ಬಂದದ್ದೂ ಇಂಥ ಮಣ್ಣಿನಿಂದಲೇ.

ಮೀಟರು ಅಳೆಯುವುದು ಏನನ್ನು?

ಶುದ್ಧ ನೀರಿನಲ್ಲಿ ವಿದ್ಯುತ್ ಹರಿಯುವುದು ಅತ್ಯಲ್ಪ. ಉಪ್ಪು ಕರಗಿದಾಗ ಅದು ಧನ ಅಯಾನು, ಋಣ ಅಯಾನುಗಳಾಗಿ ಬಿಡಿಯಾಗುತ್ತದೆ. ಮೀಟರಿನ ಎರಡು ಕಡ್ಡಿಗಳ ನಡುವೆ ಇವು ಓಡಾಡುವುದರಿಂದ ವಿದ್ಯುತ್ ಹರಿಯುತ್ತದೆ. ಮೀಟರು ತೋರಿಸುವ ಅಂಕಿ ಅಂಗಡಿ ಚೀಟಿಯ ಕೊನೆಯ ಮೊತ್ತದಂತೆ: ಒಟ್ಟು ಎಷ್ಟು ಎಂದು ತಿಳಿಯುತ್ತದೆ, ಯಾವ ಸಾಮಾನು ಎಷ್ಟು ಎಂದು ತಿಳಿಯುವುದಿಲ್ಲ.

ಎಲ್ಲ ಅಯಾನುಗಳೂ ಒಂದೇ ವೇಗದಲ್ಲಿ ಓಡುವುದಿಲ್ಲ. ಒಂದು ಲೀಟರ್ ನೀರಿನಲ್ಲಿ, ಆವೇಶದ ಲೆಕ್ಕದಲ್ಲಿ, ಒಂದು ಮಿಲಿ ಈಕ್ವಿವಲೆಂಟ್‌ನಷ್ಟು ಅಯಾನು ಇದ್ದರೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಮೀಟರಿಗೆ ಸೇರಿಸುವ ಅಂಕಿ, ಸೆಂಟಿಮೀಟರಿಗೆ ಮೈಕ್ರೋಸೀಮೆನ್ಸ್ ಲೆಕ್ಕದಲ್ಲಿ, ಸುಮಾರು ಹೀಗಿದೆ:

ಸೋಡಿಯಂ – 50
ಮೆಗ್ನೀಸಿಯಂ – 53
ಕ್ಯಾಲ್ಸಿಯಂ – 60
ಪೊಟ್ಯಾಸಿಯಂ – 74
ಬೈಕಾರ್ಬೊನೇಟ್ – 45
ಕ್ಲೋರೈಡ್ – 76
ಸಲ್ಫೇಟ್ – 80
ಹೈಡ್ರಾಕ್ಸೈಡ್ – 198

ಈ ಪಟ್ಟಿಯಿಂದ ಎರಡು ವಿಷಯ ತಿಳಿಯುತ್ತವೆ. ಮೊದಲನೆಯದು, ಸೋಡಿಯಂ ಮತ್ತು ಕ್ಯಾಲ್ಸಿಯಂ ನಡುವೆ ಮೀಟರಿಗೆ ಹೆಚ್ಚಿನ ವ್ಯತ್ಯಾಸವೇ ಇಲ್ಲ. ಹೊಲದಲ್ಲಾದರೋ ಸೋಡಿಯಂ ಮಣ್ಣನ್ನು ಕೆಡಿಸುತ್ತದೆ, ಕ್ಯಾಲ್ಸಿಯಂ ಕಾಪಾಡುತ್ತದೆ. ಎರಡನೆಯದು, ಕ್ಷಾರದ ಮೂಲರೂಪವಾದ ಹೈಡ್ರಾಕ್ಸೈಡ್ ಉಳಿದವೆಲ್ಲಕ್ಕಿಂತ ಬಹಳ ವೇಗದ್ದು. ಆದರೆ ಬಾವಿ ನೀರಿನಲ್ಲಿ ಅದರ ಪ್ರಮಾಣ ತೀರ ಕಡಿಮೆ. ಪಿಎಚ್ 9 ಇರುವ ನೀರಿನಲ್ಲೂ ಹೈಡ್ರಾಕ್ಸೈಡಿನ ಪಾಲು ಮೀಟರಿನಲ್ಲಿ 2 ಮೈಕ್ರೋಸೀಮೆನ್ಸ್ ಅಷ್ಟೇ. ಅಲ್ಲಿ ವಿದ್ಯುತ್ ಒಯ್ಯುವ ಕೆಲಸವನ್ನು ಬೈಕಾರ್ಬೊನೇಟ್ ಮತ್ತು ಅದರ ಜೊತೆಗಿರುವ ಲೋಹದ ಅಯಾನುಗಳೇ ಮಾಡುತ್ತವೆ. ಹೀಗಾಗಿ ಪಿಎಚ್ ನೋಡಿ ಇಸಿಯನ್ನಾಗಲಿ, ಇಸಿ ನೋಡಿ ಪಿಎಚ್‌ಅನ್ನಾಗಲಿ ಊಹಿಸಲು ಬರುವುದಿಲ್ಲ.

ಸುಣ್ಣದ ತಿಳಿಯಲ್ಲಿ ಕಣ್ಣಾರೆ ನೋಡಿ

ಅಂಕಿ ಏರಿ ಇಳಿಯುವುದನ್ನು ಶಾಲೆಯಲ್ಲೇ ತೋರಿಸಬಹುದು. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿದೆ, ವಿಜ್ಞಾನ ಶಿಕ್ಷಕರಿಗೆ ಅಲ್ಲಿ ತರಬೇತಿ ನಡೆಯುತ್ತದೆ. ಆದರೆ ಈ ಪ್ರಯೋಗಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಎಲೆ ಅಡಿಕೆಗೆ ಹಚ್ಚುವ ಸುಣ್ಣವನ್ನು ಒಂದು ಚಮಚ ತೆಗೆದು ಒಂದು ಲೀಟರ್ ಬಟ್ಟಿ ಇಳಿಸಿದ ನೀರಿನಲ್ಲಿ ಕಲಸಿ, ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಒಂದು ಪಾಲು ತಿಳಿಗೆ ನಾಲ್ಕು ಪಾಲು ಬಟ್ಟಿ ಇಳಿಸಿದ ನೀರು ಸೇರಿಸಿದರೆ ಮೀಟರು 2,000 ಮೈಕ್ರೋಸೀಮೆನ್ಸ್ ಆಸುಪಾಸು ತೋರಿಸುತ್ತದೆ.

ಈಗ ಕೊಳವೆಯಿಂದ ಮೆಲ್ಲಗೆ ಉಸಿರು ಊದಿ. ನೀರು ಹಾಲಿನಂತೆ ಬೆಳ್ಳಗಾಗುತ್ತಿದ್ದ ಹಾಗೆಯೇ ಅಂಕಿ ಕುಸಿಯುತ್ತದೆ. ಉಸಿರಿನ ಇಂಗಾಲದ ಡೈಆಕ್ಸೈಡ್ ಹೈಡ್ರಾಕ್ಸೈಡಿನ ಜೊತೆ ಸೇರಿ ಕಾರ್ಬೊನೇಟ್ ಆಯಿತು, ಕ್ಯಾಲ್ಸಿಯಂ ಅದನ್ನು ಹಿಡಿದುಕೊಂಡು ಸುಣ್ಣದ ಪುಡಿಯಾಗಿ ನೀರಿನಿಂದ ಹೊರಬಿತ್ತು. ಓಡುವವರೇ ಇಲ್ಲವಾದ ಮೇಲೆ ವಿದ್ಯುತ್ ಹರಿಯುವುದೆಲ್ಲಿ? ಊದುತ್ತಲೇ ಇದ್ದರೆ ಸ್ವಲ್ಪ ಹೊತ್ತಿಗೆ ಬಿಳುಪು ತೆಳ್ಳಗಾಗುತ್ತದೆ, ಅಂಕಿ ಮತ್ತೆ ಏರತೊಡಗುತ್ತದೆ. ಸುಣ್ಣದ ಪುಡಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿ ಮರಳಿ ಕರಗುತ್ತಿದೆ. ನಮ್ಮ ಗಡಸು ನೀರು ಎಂಬುದು ಇದೇ. ಊದುವಾಗ ಮಕ್ಕಳು ಸುಣ್ಣದ ನೀರನ್ನು ಹೀರಬಾರದು, ಅದು ಕಣ್ಣಿಗೆ ಹಾರಬಾರದು. ಸುಣ್ಣದ ತಿಳಿ ಸುಡುವ ಕ್ಷಾರ.

ಇನ್ನೊಂದು ಲೋಟ ತಿಳಿಗೆ ಚಿಟಿಕೆ ಸತುವಿನ ಸಲ್ಫೇಟ್ ಅಥವಾ ಮೈಲುತುತ್ತ ಹಾಕಿ ನೋಡಿ. ಉಪ್ಪು ಸೇರಿಸಿದ ಮೇಲೆ ಅಂಕಿ ಏರಬೇಕಲ್ಲವೆ? ಏರುವ ಬದಲು ಮೊದಲು ಇಳಿಯುತ್ತದೆ. ಸತು, ತಾಮ್ರ, ಕಬ್ಬಿಣಗಳು ಕ್ಷಾರ ದ್ರಾವಣದಲ್ಲಿ ಕರಗಿ ನಿಲ್ಲುವುದಿಲ್ಲ, ಹೈಡ್ರಾಕ್ಸೈಡನ್ನು ಹಿಡಿದುಕೊಂಡು ಗಸಿಯಾಗುತ್ತವೆ. ವೇಗದ ಹೈಡ್ರಾಕ್ಸೈಡ್ ಹೋಗಿ ಅದರ ಜಾಗಕ್ಕೆ ನಿಧಾನದ ಸಲ್ಫೇಟ್ ಬರುತ್ತದೆ. ತೋಟದವರು ಮೈಲುತುತ್ತ, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವಾಗ ನಡೆಯುವುದು ಇದೇ ಕ್ರಿಯೆ. ಕುಡುಗೋಲಿನ ಅಲಗನ್ನು ಅದರಲ್ಲಿ ಅದ್ದಿ, ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಹಾಕುವುದು, ಕರಗಿದ ತಾಮ್ರ ಇನ್ನೂ ಉಳಿದಿದೆಯೇ ಎಂದು ನೋಡುವುದಕ್ಕೆ.

ಹೊಲಕ್ಕೆ ಇದರಿಂದ ಒಂದು ಪಾಠವಿದೆ. ಕ್ಷಾರ ನೀರಿನಲ್ಲಿ ಸತುವಿನ ಸಲ್ಫೇಟನ್ನೋ ಕಬ್ಬಿಣದ ಸಲ್ಫೇಟನ್ನೋ ಹಾಗೆಯೇ ಕಲಸಿ ಸಿಂಪಡಿಸಿದರೆ ಪೋಷಕಾಂಶ ಎಲೆಗೆ ಇಳಿಯುವ ಮೊದಲೇ ಗಸಿಯಾಗುತ್ತದೆ. ಶೇಂಗಾ ಎಲೆ ಹಳದಿಗಟ್ಟಿದಾಗ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟಿನ ಜೊತೆ 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಎನ್ನುವುದು ಈ ಕಾರಣಕ್ಕೆ.

ಒಂದೇ ಅಂಕಿಯ ಎರಡು ಬಾವಿ

ಈಗ ಹೊಲದ ನೀರಿಗೆ ಬರೋಣ. ಇಸಿ 1.2 ಡೆಸಿಸೀಮೆನ್ಸ್, ಅಂದರೆ 1,200 ಮೈಕ್ರೋಸೀಮೆನ್ಸ್ ತೋರಿಸುವ ಎರಡು ಬಾವಿಗಳನ್ನು ಉದಾಹರಣೆಗೆ ತೆಗೆದುಕೊಳ್ಳಿ. ಡೆಸಿಸೀಮೆನ್ಸ್ ಅಂಕಿಯನ್ನು 10ರಿಂದ ಗುಣಿಸಿದರೆ ಲೀಟರಿನಲ್ಲಿರುವ ಒಟ್ಟು ಧನ ಅಯಾನುಗಳ ಅಂದಾಜು ಸಿಗುತ್ತದೆ. ಇಲ್ಲಿ ಅದು 12 ಮಿಲಿ ಈಕ್ವಿವಲೆಂಟ್.

ಮೊದಲ ಬಾವಿಯಲ್ಲಿ ಕ್ಯಾಲ್ಸಿಯಂ 6, ಮೆಗ್ನೀಸಿಯಂ 4, ಸೋಡಿಯಂ 2, ಬೈಕಾರ್ಬೊನೇಟ್ 6. ಎರಡನೆಯದರಲ್ಲಿ ಕ್ಯಾಲ್ಸಿಯಂ 1.5, ಮೆಗ್ನೀಸಿಯಂ 1.5, ಸೋಡಿಯಂ 9, ಬೈಕಾರ್ಬೊನೇಟ್ 7. ಮೀಟರಿನ ಕಣ್ಣಿಗೆ ಎರಡೂ ಒಂದೇ.

ಮಣ್ಣು ಹಾಗೆ ನೋಡುವುದಿಲ್ಲ. ಮೊದಲ ನೀರು ಗಡಸು. ಸೋಪು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ, ಡ್ರಿಪ್ ತೂತುಗಳಲ್ಲಿ ಸುಣ್ಣ ಕಟ್ಟುತ್ತದೆ. ಆದರೂ ಮಣ್ಣಿಗೆ ಅದರಿಂದ ದೊಡ್ಡ ಕೇಡಿಲ್ಲ. ಎರಡನೆಯದರಲ್ಲಿ ಸೋಪು ಚೆನ್ನಾಗಿ ನೊರೆಯುತ್ತದೆ, ಬೇಳೆಯೂ ಬೇಯುತ್ತದೆ. ಮನೆಯವರೆಲ್ಲ ಒಳ್ಳೆಯ ನೀರು ಎನ್ನುತ್ತಾರೆ. ಹೊಲಕ್ಕೆ ಹರಿಸಿದರೆ ಬೈಕಾರ್ಬೊನೇಟ್ ಮಣ್ಣಿನಲ್ಲಿರುವ ಕ್ಯಾಲ್ಸಿಯಂಅನ್ನು ಸುಣ್ಣವಾಗಿಸಿ ಕಟ್ಟಿಹಾಕುತ್ತದೆ, ಖಾಲಿಯಾದ ಜಾಗದಲ್ಲಿ ಸೋಡಿಯಂ ಕೂರುತ್ತದೆ. ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದುರಿ ಮಣ್ಣಿನ ಸಂದುಗಳನ್ನು ಮುಚ್ಚುತ್ತವೆ. ಇದರ ಪರಿಣಾಮ ಪೂರ್ತಿ ಕಾಣುವುದು ಮಳೆ ಬಂದಾಗ. ಮಳೆನೀರಿನಲ್ಲಿ ಉಪ್ಪೇ ಇರುವುದಿಲ್ಲವಾದ್ದರಿಂದ ಕಣಗಳು ಇನ್ನೂ ಸುಲಭವಾಗಿ ಚದುರುತ್ತವೆ. ನೀರು ಇಂಗದೆ ಮೇಲೆ ನಿಲ್ಲುತ್ತದೆ, ಒಣಗಿದಾಗ ನೆಲ ಹೆಪ್ಪುಗಟ್ಟುತ್ತದೆ, ಮೊಳಕೆ ಮೇಲೆ ಬರಲು ಹೆಣಗುತ್ತದೆ. ಎರೆ ಭೂಮಿಯಲ್ಲಿ ಈ ತೊಂದರೆ ಬೇಗ ಬರುತ್ತದೆ. ಮರಳು ಮಿಶ್ರಿತ ಕೆಂಪು ಭೂಮಿ ಸ್ವಲ್ಪ ಹೆಚ್ಚು ತಾಳಿಕೊಳ್ಳುತ್ತದೆ.

ವರದಿಯಲ್ಲಿ ಒಂದು ಕಳೆಯುವ ಲೆಕ್ಕ

ಇದನ್ನು ಮೊದಲೇ ಹಿಡಿಯಲು ಉಳಿಕೆ ಸೋಡಿಯಂ ಕಾರ್ಬೊನೇಟ್, ಅಂದರೆ ಆರ್‌ಎಸ್‌ಸಿ ಎಂಬ ಲೆಕ್ಕವಿದೆ. ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟಿನ ಮೊತ್ತದಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊತ್ತವನ್ನು ಮಿಲಿ ಈಕ್ವಿವಲೆಂಟ್ ಲೆಕ್ಕದಲ್ಲಿ ಕಳೆಯಬೇಕು. ಉತ್ತರ 1.25ಕ್ಕಿಂತ ಕಡಿಮೆ ಇದ್ದರೆ ನೀರು ಸುರಕ್ಷಿತ. 1.25ರಿಂದ 2.5ರವರೆಗೆ ಎಚ್ಚರ ಬೇಕು. 2.5 ದಾಟಿದರೆ ಉಪಚಾರವಿಲ್ಲದೆ ಹರಿಸಬಾರದು.

ಕುಡಿಯುವ ನೀರಿನ ಸಾಮಾನ್ಯ ವರದಿಯಲ್ಲಿ ಈ ಲೆಕ್ಕ ಇನ್ನೂ ಸುಲಭ. ಅದರಲ್ಲಿ ಒಟ್ಟು ಕ್ಷಾರೀಯತೆ, ಒಟ್ಟು ಗಡಸುತನ ಎಂಬ ಎರಡು ಸಾಲುಗಳಿರುತ್ತವೆ, ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, ಲೀಟರಿಗೆ ಮಿಲಿಗ್ರಾಂನಲ್ಲಿ. ಕ್ಷಾರೀಯತೆಯಿಂದ ಗಡಸುತನವನ್ನು ಕಳೆದು 50ರಿಂದ ಭಾಗಿಸಿದರೆ ಆರ್‌ಎಸ್‌ಸಿ ಸಿಕ್ಕಿತು. ನಮ್ಮ ಮೊದಲ ಬಾವಿಯಲ್ಲಿ 300ರಿಂದ 500 ಕಳೆದರೆ ಶೂನ್ಯಕ್ಕಿಂತ ಕೆಳಗೆ, ಚಿಂತೆಯಿಲ್ಲ. ಎರಡನೆಯದರಲ್ಲಿ 350ರಿಂದ 150 ಕಳೆದರೆ 200, ಅದನ್ನು 50ರಿಂದ ಭಾಗಿಸಿದರೆ 4. ಮಿತಿ ಮೀರಿದ ನೀರು. ಮೀಟರು ತೋರಿಸದ್ದನ್ನು ಒಂದು ಕಳೆಯುವ ಲೆಕ್ಕ ತೋರಿಸಿತು.

ವರದಿ ಇನ್ನೂ ಕೈಗೆ ಬಂದಿಲ್ಲವೆಂದರೆ ಅಡುಗೆಮನೆಯಲ್ಲಿ ಅಂದಾಜು ಮಾಡಬಹುದು:

1. ಒಂದು ಲೀಟರ್ ಬಾವಿ ನೀರಿನ ಇಸಿ, ಪಿಎಚ್ ನೋಡಿ ಬರೆದಿಡಿ.
2. ಸ್ವಚ್ಛ ಪಾತ್ರೆಯಲ್ಲಿ ಹತ್ತು ಹದಿನೈದು ನಿಮಿಷ ಕುದಿಸಿ.
3. ಪೂರ್ತಿ ಆರಿದ ಮೇಲೆ, ಆವಿಯಾದಷ್ಟು ಬಟ್ಟಿ ಇಳಿಸಿದ ನೀರು ಸೇರಿಸಿ ಮತ್ತೆ ಒಂದು ಲೀಟರ್ ಮಾಡಿ.
4. ತಿಳಿಯ ಇಸಿ, ಪಿಎಚ್ ಎರಡನ್ನೂ ಮತ್ತೆ ನೋಡಿ.

ತಳದಲ್ಲಿ ಬಿಳಿ ಪುಡಿ ಕೂತು ಇಸಿ ಚೆನ್ನಾಗಿ ಇಳಿದಿದ್ದರೆ ಕ್ಷಾರದ ಜೊತೆಗಾರ ಕ್ಯಾಲ್ಸಿಯಂ. ಪುಡಿಯಿಲ್ಲದೆ, ಇಸಿ ಹೆಚ್ಚು ಕದಲದೆ, ಪಿಎಚ್ ಮಾತ್ರ ಏರಿದ್ದರೆ ಜೊತೆಗಾರ ಸೋಡಿಯಂ. ಇದು ಬರಿ ಸುಳಿವು. ತೀರ್ಮಾನ ಲ್ಯಾಬಿನದ್ದೇ ಆಗಬೇಕು.

ಜಿಪ್ಸಂ ಹಾಕಿದರೆ ಅಂಕಿ ಏರುತ್ತದೆ, ಏರಲಿ

ಸೋಡಿಯಂ ಬೈಕಾರ್ಬೊನೇಟ್ ನೀರಿಗೆ ನಮ್ಮ ಕೈಗೆಟಕುವ ಮದ್ದು ಜಿಪ್ಸಂ. ಅದು ಕ್ಯಾಲ್ಸಿಯಂ ಸಲ್ಫೇಟ್. ಶುದ್ಧ ಜಿಪ್ಸಂ ಆದರೆ ಆರ್‌ಎಸ್‌ಸಿಯಲ್ಲಿ ಒಂದು ಅಂಕ ಇಳಿಸಲು ಲೀಟರಿಗೆ 86 ಮಿಲಿಗ್ರಾಂ ಬೇಕು. ನಮ್ಮ ಎರಡನೆಯ ಬಾವಿಯ 4ನ್ನು 1.25ಕ್ಕೆ ತರಲು ಸಾವಿರ ಲೀಟರಿಗೆ ಸುಮಾರು 240 ಗ್ರಾಂ. ಎಕರೆಗೆ ಒಂದು ಅಂಗುಲ ನೀರು ಎಂದರೆ ಸುಮಾರು 1 ಲಕ್ಷ ಲೀಟರ್, ಅಷ್ಟಕ್ಕೆ 24 ಕೆ.ಜಿ. ಸಿಗುವ ಜಿಪ್ಸಂ ಪೂರ್ತಿ ಶುದ್ಧವಿಲ್ಲದಿದ್ದರೆ ಆ ಪ್ರಮಾಣಕ್ಕೆ ತಕ್ಕಂತೆ ಹೆಚ್ಚಿಸಿಕೊಳ್ಳಿ.

ಹೀಗೆ ಉಪಚಾರ ಮಾಡಿದ ನೀರಿಗೆ ಮೀಟರು ಅದ್ದಿದರೆ 1.2 ಇದ್ದದ್ದು 1.4, 1.5ರ ಕಡೆಗೆ ಏರಿರುತ್ತದೆ. ಗಾಬರಿ ಬೇಡ. ಏರಿದ ಪಾಲು ಕ್ಯಾಲ್ಸಿಯಂ ಮತ್ತು ಸಲ್ಫೇಟಿನದ್ದು. ಮಣ್ಣಿಗೆ ಬೇಕಾದದ್ದು ಅದೇ. ಜಿಪ್ಸಂ ಗಟ್ಟಿಗಳನ್ನು ತುಂಬಿದ ತೊಟ್ಟಿಯ ಮೂಲಕ ನೀರು ಹಾಯಿಸಬಹುದು, ಇಲ್ಲವೇ ಮಣ್ಣಿಗೇ ಹಾಕಿ ಸೇರಿಸಬಹುದು. ಡ್ರಿಪ್ ಪೈಪಿನೊಳಗೆ ಮಾತ್ರ ಬಿಡಬೇಡಿ, ಕಟ್ಟಿಕೊಳ್ಳುತ್ತದೆ. ಶೇಂಗಾ ಬೆಳೆಯುವವರು ಕಾಯಿ ಕಟ್ಟಲೆಂದು ಎಕರೆಗೆ 200 ಕೆ.ಜಿ. ಜಿಪ್ಸಂ ಹೇಗೂ ಹಾಕುತ್ತಾರೆ. ಕ್ಷಾರ ನೀರಿನ ಹೊಲಕ್ಕೆ ಅದರಿಂದ ಎರಡು ಪ್ರಯೋಜನ.

ಸೋಡಿಯಂ ಕ್ಲೋರೈಡ್ ತುಂಬಿ ಇಸಿಯೇ ಬಹಳ ಹೆಚ್ಚಾಗಿರುವ ನೀರಿಗೆ ಜಿಪ್ಸಂ ಮದ್ದಲ್ಲ. ಅಲ್ಲಿ ಬಸಿಗಾಲುವೆ, ಮಳೆನೀರಿನಲ್ಲಿ ಉಪ್ಪು ತೊಳೆಯುವುದು, ತಾಳುವ ಬೆಳೆಯ ಆಯ್ಕೆ ಇವೇ ದಾರಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿಯಂತೆ ಇಳುವರಿ ತಗ್ಗದಿರಲು ನೀರಿನ ಇಸಿ ಈರುಳ್ಳಿಗೆ 0.8, ಮೆಕ್ಕೆಜೋಳಕ್ಕೆ 1.1, ಟೊಮೆಟೊಗೆ 1.7, ಶೇಂಗಾಕ್ಕೆ 2.1 ಡೆಸಿಸೀಮೆನ್ಸ್ ಮೀರಬಾರದು. ಶೇಂಗಾಕ್ಕೆ ಸರಿಹೋದ ನೀರು ಈರುಳ್ಳಿಗೂ ಸರಿ ಎಂದುಕೊಂಡರೆ ನಷ್ಟ.

ನೇಕಾರರ ಮನೆಯಲ್ಲೂ ಇದೇ ರಸಾಯನ

ಮೊಳಕಾಲ್ಮೂರು ಸೀರೆಯ ರೇಷ್ಮೆ ನೂಲನ್ನು ಬಣ್ಣಕ್ಕೆ ಮುಂಚೆ ಸೋಪು, ಸೋಡಾದ ಕ್ಷಾರ ನೀರಿನಲ್ಲಿ ಬೇಯಿಸಿ ಗೋಂದು ತೆಗೆಯುತ್ತಾರೆ. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಸೋಪಿನೊಡನೆ ಸೇರಿ ಜಿಗುಟು ಗಸಿಯಾಗಿ ಎಳೆಗೆ ಅಂಟುತ್ತದೆ, ಮುಂದೆ ಬಣ್ಣ ಒಂದೇ ಸಮ ಹಿಡಿಯುವುದಿಲ್ಲ. ಸೋಪಿಗೆ ಮುಂಚೆ ಸೋಡಾ ಮಾತ್ರ ಹಾಕಿ ಕಾಯಿಸಿ, ಬಿಳಿ ಗಸಿ ತಳಕ್ಕಿಳಿದ ಮೇಲೆ ತಿಳಿ ಬಗ್ಗಿಸಿಕೊಂಡರೆ ಈ ತೊಂದರೆ ಬಹಳ ತಗ್ಗುತ್ತದೆ. ಅಳತೆಗೆ ಸರಿಯಾಗಿ ಸೋಡಾ ಬಿದ್ದಿದ್ದರೆ ಇಸಿ ಮಾತ್ರ ಹೆಚ್ಚೂಕಡಿಮೆ ಅಲ್ಲೇ ಇರುತ್ತದೆ, ಏಕೆಂದರೆ ಹೋದ ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬಂದಿದೆ. ಹೊಲಕ್ಕೆ ಕೇಡಾದ ಅದೇ ಬದಲಾವಣೆ ಇಲ್ಲಿ ನೂಲಿಗೆ ಒಳ್ಳೆಯದು.

ಕುಡಿಯುವ ನೀರಿಗೆ ಮೀಟರನ್ನು ನಂಬಬೇಡಿ

ಈ ತಾಲೂಕುಗಳ ದೊಡ್ಡ ಕಷ್ಟ ಫ್ಲೋರೈಡ್. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗಿಳಿಸುತ್ತದೆ. ಕ್ಯಾಲ್ಸಿಯಂ ಸುಣ್ಣವಾಗಿ ಹೊರಬಿದ್ದು ಸೋಡಿಯಂ ಉಳಿದ ಕ್ಷಾರ ನೀರಿನಲ್ಲಿ ಹಿಡಿಯುವವರಿಲ್ಲದೆ ಫ್ಲೋರೈಡ್ ಕರಗಿಕೊಂಡೇ ಇರುತ್ತದೆ. ಬಾಯಿಗೆ ಹಿತವಾದ, ಬೇಳೆ ಬೇಯುವ ಮೆದು ನೀರಿನಲ್ಲೇ ಈ ಅಪಾಯ ಹೆಚ್ಚು.

ಭಾರತೀಯ ಮಾನಕದಲ್ಲಿ ಫ್ಲೋರೈಡಿನ ಅಪೇಕ್ಷಣೀಯ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 1.5. ಫ್ಲೋರೈಡ್ 0.5ರಿಂದ 3 ಮಿಲಿಗ್ರಾಂಗೆ ಏರಿದರೂ ಮೀಟರಿನ ಅಂಕಿ 15 ಮೈಕ್ರೋಸೀಮೆನ್ಸ್‌ನಷ್ಟೂ ಹೆಚ್ಚುವುದಿಲ್ಲ. ಸಾವಿರದ ಲೆಕ್ಕದ ಅಂಕಿಯಲ್ಲಿ ಅದನ್ನು ಯಾರೂ ಗುರುತಿಸಲಾರರು. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಕಾಣುವವರೆಗೆ ಕಾಯಬೇಡಿ, ಫ್ಲೋರೈಡ್ ಪರೀಕ್ಷೆಯನ್ನೇ ಕೇಳಿ ಮಾಡಿಸಿ. ಊರಿನ ಶುದ್ಧ ನೀರಿನ ಘಟಕದಲ್ಲಿ ಮೀಟರಿಗೆ ಒಂದು ಒಳ್ಳೆಯ ಉಪಯೋಗವಿದೆ. ಒಳಹೋಗುವ ನೀರು, ಹೊರಬರುವ ನೀರು ಎರಡನ್ನೂ ತಿಂಗಳಿಗೊಮ್ಮೆ ಅಳೆಯಿರಿ. ಹೊರಬರುವ ನೀರಿನ ಅಂಕಿ ಏರುತ್ತ ಬಂದರೆ ಆರ್‌ಒ ಪೊರೆ ಬದಲಿಸುವ ಕಾಲ ಬಂದಿದೆ.

ಅಳೆಯುವಾಗ, ಮಾದರಿ ತೆಗೆಯುವಾಗ

- ಮೀಟರನ್ನು 1,413 ಮೈಕ್ರೋಸೀಮೆನ್ಸ್ ಪ್ರಮಾಣ ದ್ರಾವಣದಲ್ಲಿ ಆಗಾಗ ಸರಿಹೊಂದಿಸಿ.
- ಒಂದು ಡಿಗ್ರಿ ಬಿಸಿ ಏರಿದರೆ ಇಸಿ ಸುಮಾರು ಶೇ 2 ಏರುತ್ತದೆ. ತಾಪಮಾನ ತಾನೇ ಸರಿಪಡಿಸಿಕೊಳ್ಳುವ ಮೀಟರು ಕೊಳ್ಳಿ, ಬಿಸಿಲಿಗೆ ಕಾದ ಪೈಪಿನ ನೀರನ್ನು ಅಳೆಯಬೇಡಿ.
- ಟಿಡಿಎಸ್ ಮೀಟರು ಅಳೆಯುವುದೂ ಇಸಿಯನ್ನೇ, ಆಮೇಲೆ ಗುಣಿಸಿ ತೋರಿಸುತ್ತದೆ. ಕೆಲವು 0.5ರಿಂದ, ಕೆಲವು 0.64 ಅಥವಾ 0.7ರಿಂದ ಗುಣಿಸುತ್ತವೆ. ಎರಡು ಮೀಟರುಗಳ ಟಿಡಿಎಸ್ ಹೋಲಿಸುವ ಬದಲು ಇಸಿ ಹೋಲಿಸಿ.
- ಕಡ್ಡಿಗೆ ಸುಣ್ಣ ಹಿಡಿದರೆ ಅಂಕಿ ತಪ್ಪುತ್ತದೆ. ನಿಂಬೆರಸ ಬೆರೆಸಿದ ನೀರಿನಲ್ಲಿ ಅದ್ದಿ, ಒಳ್ಳೆಯ ನೀರಿನಲ್ಲಿ ತೊಳೆಯಿರಿ.
- ಮೋಟರು ಕಾಲು ಗಂಟೆ ಓಡಿದ ಮೇಲೆ ಮಾದರಿ ಹಿಡಿಯಿರಿ. ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು, ಗಾಳಿಗೆ ಜಾಗವಿಲ್ಲದಂತೆ ಕಂಠದವರೆಗೆ ತುಂಬಿ. ಜಾಗ ಬಿಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಬಂದು ಪಿಎಚ್ ಏರುತ್ತದೆ, ಸುಣ್ಣ ಕೂರುತ್ತದೆ, ಲ್ಯಾಬಿಗೆ ತಲಪುವ ಹೊತ್ತಿಗೆ ಅದು ಬೇರೆ ನೀರಾಗಿರುತ್ತದೆ. ಒಂದೆರಡು ದಿನದೊಳಗೆ ತಲಪಿಸಿ.
- ಮಣ್ಣು ಆರೋಗ್ಯ ಚೀಟಿಯಲ್ಲಿ ಪಿಎಚ್, ಇಸಿ ಇರುತ್ತವೆ, ಸೋಡಿಯಂ ಇರುವುದಿಲ್ಲ. ಪಿಎಚ್ 8.5 ದಾಟಿ ಇಸಿ ಕಡಿಮೆಯಿದ್ದರೆ ಸೋಡಿಯಂ ಪರೀಕ್ಷೆಯನ್ನು ಬೇರೆಯಾಗಿ ಮಾಡಿಸಿ.

ಎಲ್ಲಿ ಕೊಡಬೇಕೆಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ವರದಿಯನ್ನು ಅಲ್ಲಿಯ ತಜ್ಞರಿಗೆ ತೋರಿಸಿ ಜಿಪ್ಸಂ ಪ್ರಮಾಣ ಕೇಳಿಕೊಳ್ಳಿ. ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡಿಸಿ ಇಸಿ, ಪಿಎಚ್, ಕ್ಷಾರೀಯತೆ, ಗಡಸುತನ, ಫ್ಲೋರೈಡ್ ಈ ಐದನ್ನೂ ತಾರೀಕಿನೊಡನೆ ಬರೆದಿಡಿ. ಬಾವಿ ಕೊರೆಸಲು ಲಕ್ಷ ರೂಪಾಯಿ ಸುರಿಯುವವರಿಗೆ ಈ ಪರೀಕ್ಷೆಯ ಖರ್ಚು ಭಾರವಾಗದು. ಇಸಿ ಕಡಿಮೆ ಇದೆ ಎಂಬ ಒಂದೇ ಮಾತನ್ನು ನಂಬಿ ಹೊಲಕ್ಕೆ ನೀರು ಹರಿಸಬೇಡಿ, ಮಕ್ಕಳಿಗೆ ಕುಡಿಸಬೇಡಿ.